ಮುಂಡಗೋಡದ ಮಂದ್ರಸ್ವರ

1996ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಒಲಿಂಪಿಕ್ಸ್ ನಡೆದಾಗ, ಓಟ-ಜಿಗಿತಗಳ ಜೊತೆಗೆ ಅಲ್ಲಿ ಇನ್ನೊಂದು ದೊಡ್ಡ ಕೂಟವೂ ಸೇರಿತ್ತು. ಕಲ್ಚರಲ್ ಒಲಿಂಪಿಯಾಡ್ ಎಂಬ ಆ ಕಲಾ ಉತ್ಸವಕ್ಕೆ ನಾನಾ ದೇಶಗಳ ಹಾಡುಗಾರರು, ಕುಣಿತದವರು ಬಂದಿದ್ದರು. ಟಿಬೆಟ್ಟಿನ ಪರವಾಗಿ ವೇದಿಕೆ ಹತ್ತಿದ್ದು ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಕುಗಳ ಮೇಳ. ಆ ಮಠದ ವಿಳಾಸ: ಟಿಬೆಟನ್ ಕಾಲೊನಿ ಅಂಚೆ, ಮುಂಡಗೋಡ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ.

ಇದು ಒಂದು ಸಲಕ್ಕೆ ಮುಗಿದ ಸಂಗತಿಯಲ್ಲ. 1997ರಲ್ಲಿ ತೆರೆಕಂಡ ‘ಸೆವೆನ್ ಇಯರ್ಸ್ ಇನ್ ಟಿಬೆಟ್’ ಚಿತ್ರದ ಸಂಗೀತದಲ್ಲಿ ಇದೇ ಮಠದವರ ದನಿಯಿದೆ. ಅದೇ ವರ್ಷದ ‘ಕುಂದುನ್’ ಚಿತ್ರಕ್ಕೆ ಫಿಲಿಪ್ ಗ್ಲಾಸ್ ರಚಿಸಿದ ಸಂಗೀತವನ್ನು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ನುಡಿಸಿದಾಗ ಗ್ಲಾಸ್ ಅವರ ಜೊತೆ ಕೂತು ಹಾಡಿದವರೂ ಇವರೇ. ಪಾಲ್ ಸೈಮನ್, ಕಿಟಾರೊ, ಪ್ಯಾಟಿ ಸ್ಮಿತ್, ಮಿಕಿ ಹಾರ್ಟ್‌ರಂಥ ಹೆಸರಾಂತರ ಜೊತೆ ಇವರು ವೇದಿಕೆ ಹಂಚಿಕೊಂಡಿದ್ದಾರೆ. ಮುಂಡಗೋಡದ ಕಾಡಂಚಿನಿಂದ ಹೊರಟ ಒಂದು ಗಾಯನ ಮೇಳ ಇಷ್ಟು ದೂರ ಹೋಗಿ ಬಂದಿದೆ.

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು ದಾರಿ. ಭಾನುವಾರ ಬಂತೆಂದರೆ ಜನ ಕಾರು, ಬೈಕು ಹತ್ತಿ ಟಿಬೆಟನ್ ಕಾಲೊನಿಗೆ ಬರುತ್ತಾರೆ. ಬಂಗಾರದ ಬಣ್ಣದ ಗೋಪುರಗಳ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ, ತುಕ್ಪಾ ತಿಂದು ಮರಳುತ್ತಾರೆ. ಚಳಿಗಾಲದಲ್ಲಿ ಊರೂರಿಗೆ ಬಂದು ಸ್ವೆಟರ್ ಮಾರುವ ಟಿಬೆಟನ್ನರು ನಮಗೆಲ್ಲ ಗೊತ್ತು. ಅವರ ಮಠಗಳ ಒಳಗೆ ನಡೆಯುವ ಗಾಯನ ಮಾತ್ರ ನಮ್ಮ ಕಿವಿಗೆ ಬಿದ್ದಿಲ್ಲ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ನೆಲದಲ್ಲಿ, ಧಾರವಾಡದ ಮಗ್ಗುಲಲ್ಲೇ ಅರ್ಧ ಶತಮಾನಕ್ಕೂ ಮೀರಿ ನಡೆದುಬಂದಿರುವ ಒಂದು ದೊಡ್ಡ ಸಂಗೀತ ಸಾಧನೆಯನ್ನು ನ್ಯೂಯಾರ್ಕಿನವರು ಟಿಕೆಟ್ ಕೊಂಡು ಕೇಳುತ್ತಾರೆ, ನಾವು ಗೋಡೆಯಾಚೆ ನಿಂತು ಮೊಮೊ ತಿಂದು ಬರುತ್ತೇವೆ. ಈ ದೂರ ನನ್ನನ್ನು ಬಹಳ ನೋಯಿಸುತ್ತದೆ. ಅದಕ್ಕೇ ಈ ಬರಹ.

ಮೇಳದ ಪ್ರಯಾಣ ಶುರುವಾದದ್ದು ಅಮೆರಿಕದ ವಿಮಾನ ಹತ್ತಿದ ದಿನವಲ್ಲ. ಡ್ರೆಪುಂಗ್ ಮಠ 1416ರಲ್ಲಿ ಲಾಸಾ ಹತ್ತಿರ ಸ್ಥಾಪನೆಯಾಯಿತು. ಅದಕ್ಕೂ ಏಳು ವರ್ಷ ಮುಂಚೆ, 1409ರಲ್ಲಿ, ಗುರು ತ್ಸೋಂಗ್‌ಖಾಪಾ ಗಾಂದೆನ್ ಮಠ ಕಟ್ಟಿದ್ದರು. 1419ರಲ್ಲಿ ಸೆರಾ ಬಂತು. ಈ ಮೂರು ಗೆಲುಗ್ ಪಂಥದ ಮಹಾವಿದ್ಯಾಲಯಗಳು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದಾಗ ಅವರ ಹಿಂದೆಯೇ ಸಾವಿರಾರು ಜನ ಗಡಿ ದಾಟಿದರು. ಅವರಲ್ಲಿ ಸುಮಾರು 1500 ಭಿಕ್ಕುಗಳನ್ನು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ ಅದು. ತಣ್ಣನೆಯ ಬೆಟ್ಟದಿಂದ ಇಳಿದುಬಂದವರಿಗೆ ಅಲ್ಲಿನ ಸೆಕೆ, ತೇವ ಹಿಡಿಸಲಿಲ್ಲ. ಕ್ಷಯ ಹಬ್ಬಿ ಎಷ್ಟೋ ಜನ ಸತ್ತರು. ಉಳಿದವರು ಅಲ್ಲೇ ಪಾಠ, ಪೂಜೆ, ಗಾಯನ ಬಿಡದೆ ನಡೆಸಿದರು.

ಅಂದಿನ ರಾಜ್ಯ ಸರ್ಕಾರ ಟಿಬೆಟನ್ನರಿಗೆ ನೆಲ ಕೊಡಲು ಒಪ್ಪಿದ್ದು ಕರ್ನಾಟಕದ ಇತಿಹಾಸದ ಉದಾರ ನಡೆಗಳಲ್ಲಿ ಒಂದು. ಮೊದಲು ಬೈಲಕುಪ್ಪೆ, ಆಮೇಲೆ 1966ರಲ್ಲಿ ಮುಂಡಗೋಡ. ಇಲ್ಲಿ ಸುಮಾರು 4,000 ಎಕರೆ ಕಾಡು ನೆಲ ಸಿಕ್ಕಿತು. ದೊಗುಲಿಂಗ್ ಎಂಬ ಹೆಸರಿನ ವಸತಿ ಎದ್ದಿತು. 1969ರ ಹೊತ್ತಿಗೆ ಬಕ್ಸಾದಿಂದ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಕುಗಳು ಬಂದರು. ಸೆರಾದವರು ಬೈಲಕುಪ್ಪೆಗೆ ಹೋದರು. ಪುಸ್ತಕ ಹಿಡಿದ ಕೈಗಳು ಇಲ್ಲಿ ಕೊಡಲಿ, ಗುದ್ದಲಿ ಹಿಡಿದವು. ಗಿಡಗಂಟಿ ಕಡಿದು, ಗೋವಿನಜೋಳ, ಭತ್ತ ಬಿತ್ತಿ, ಮಳೆಗಾಲಕ್ಕೆ ಸೂರು ಹೊಂದಿಸಿಕೊಂಡು ಇವರು ಮಠ ಕಟ್ಟಿದರು. ಹಗಲು ಹೊಲದ ಕೆಲಸ, ಸಂಜೆ ಪಾಠ. ಇಂದು ಡ್ರೆಪುಂಗಿನ ಲೋಸೆಲಿಂಗ್, ಗೋಮಾಂಗ್, ಗಾಂದೆನ್ ಶಾರ್ತ್ಸೆ, ಗಾಂದೆನ್ ಜಾಂಗ್ತ್ಸೆ ಎಂಬ ನಾಲ್ಕು ದೊಡ್ಡ ವಿದ್ಯಾಲಯಗಳಲ್ಲಿ ಸಾವಿರಾರು ಭಿಕ್ಕುಗಳು ಓದುತ್ತಿದ್ದಾರೆ. ಭಿಕ್ಕುಣಿಯರ ಮಠವೂ ಇದೆ.

ಈಗ ಅವರ ಹಾಡಿನ ವಿಷಯಕ್ಕೆ ಬರೋಣ. ಮೊದಲ ಸಲ ಕೇಳಿದವರಿಗೆ ಇದು ಮನುಷ್ಯರ ಗಂಟಲಿನದೇ ದನಿಯೇ ಎಂಬ ಅನುಮಾನ ಬರುತ್ತದೆ. ನೆಲದ ಕೆಳಗಿಂದ ಎದ್ದುಬಂದಂಥ ಆಳದ ಸ್ವರ. ಅದರ ಮೇಲೆ, ತುಸು ಕಿವಿಗೊಟ್ಟರೆ, ಇನ್ನೊಂದು ಎತ್ತರದ ಎಳೆ. ಒಬ್ಬನೇ ಗಾಯಕ, ಒಂದೇ ಉಸಿರು, ಎರಡು-ಮೂರು ಸ್ವರ. ಟಿಬೆಟನ್ನರು ಈ ಕಂಠವನ್ನು ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಝೊ ಎಂಬ ಪ್ರಾಣಿಯ ಕೂಗಿನ ಹೆಸರಿನಿಂದ ಕರೆಯುತ್ತಾರೆ.

ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದ ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಸುಲಭ. ಗಂಡಸರು ಸಾಮಾನ್ಯವಾಗಿ ಹಾಡುವ, ಹಾರ್ಮೋನಿಯಂನ ಕರಿ ಒಂದರ ಷಡ್ಜದಲ್ಲಿ ಸೆಕೆಂಡಿಗೆ ಸುಮಾರು 138 ಕಂಪನಗಳಿರುತ್ತವೆ. ಅದರ ಮಂದ್ರ ಷಡ್ಜ ಇದರ ಅರ್ಧ, 69. ನಮ್ಮ ಗಾಯಕರು ಬೆಳಗಿನ ಖರಜ ಸಾಧನೆಯಲ್ಲಿ ಆ ಜಾಗಕ್ಕೆ ಇಳಿದು, ಅಲ್ಲಿ ದನಿ ನಿಲ್ಲಿಸಲು ವರ್ಷಗಟ್ಟಲೆ ತಿಣುಕುತ್ತಾರೆ. ಕಛೇರಿಯಲ್ಲಿ ಒಮ್ಮೆ ಮುಟ್ಟಿ ಬಂದರೂ ಸಭೆ ತಲೆದೂಗುತ್ತದೆ. ಈ ಭಿಕ್ಕುಗಳು ಹಾಡುವುದು ಹೆಚ್ಚುಕಡಿಮೆ ಅದೇ ಸ್ವರದಲ್ಲಿ, ಸೆಕೆಂಡಿಗೆ 65ರಿಂದ 75 ಕಂಪನಗಳ ಆಸುಪಾಸಿನಲ್ಲಿ. ಅದೂ ಗಂಟೆಗಟ್ಟಲೆ. ಗಂಟಲಿನಲ್ಲಿ ನಿಜವಾದ ಸ್ವರತಂತುಗಳ ತುಸು ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಿನಲ್ಲಿ, ಸಾಮಾನ್ಯ ಹಾಡಿನಲ್ಲಿ ಅವು ಸುಮ್ಮನಿರುತ್ತವೆ. ಈ ಗಾಯನದಲ್ಲಿ ಅವೂ ಅಲುಗುತ್ತವೆ, ಸ್ವರತಂತುಗಳ ಅರ್ಧ ವೇಗದಲ್ಲಿ. ಹಾಗಾಗಿ ದನಿ ಒಂದು ಸ್ಥಾಯಿ ಕೆಳಗೆ ಬೀಳುತ್ತದೆ.

ಮೇಲಿನ ಆ ಎಳೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ತಂಬೂರಿಯೇ ಉತ್ತರ ಹೇಳುತ್ತದೆ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯ ಖರಜದ ತಂತಿ ಮೀಟಿದಾಗ ಬರೀ ಷಡ್ಜ ಕೇಳುವುದಿಲ್ಲ. ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದ ಕಂಪನಗಳೂ ಅದರೊಳಗೆ ಅಡಗಿರುತ್ತವೆ. ಮೂರರಷ್ಟರದು ಪಂಚಮ. ಐದರಷ್ಟರದು ಗಾಂಧಾರ. ಯಾರೂ ಗಾಂಧಾರದ ತಂತಿ ಕಟ್ಟದಿದ್ದರೂ ತಂಬೂರಿಯಲ್ಲಿ ಗಾಂಧಾರ ಕೇಳುವುದು ಹೀಗೆ. ಸ್ವಯಂಭೂ ಗಾಂಧಾರ ಎಂದು ನಮ್ಮ ಉಸ್ತಾದರು, ಬುವಾಗಳು ಕರೆಯುವುದು ಇದನ್ನೇ. ಭಿಕ್ಕುಗಳು ತುಟಿ ದುಂಡಗೆ ಮಾಡಿ, ಗಂಟಲು ಕೆಳಕ್ಕೆ ಇಳಿಸಿ, ಬಾಯೊಳಗಿನ ಪೊಳ್ಳನ್ನು ಹದಕ್ಕೆ ತಂದು, ಐದರಷ್ಟರ ಮತ್ತು ಹತ್ತರಷ್ಟರ ಕಂಪನ ಮಾತ್ರ ಎದ್ದು ಕೇಳುವಂತೆ ಮಾಡುತ್ತಾರೆ. ಒಬ್ಬೊಬ್ಬ ಭಿಕ್ಕುವೂ ಷಡ್ಜವನ್ನೂ ಗಾಂಧಾರವನ್ನೂ ಒಟ್ಟಿಗೆ ನುಡಿಯುತ್ತಾನೆ. ನೂರಾರು ಜನ ಸಾಲಾಗಿ ಕೂತು ಇದನ್ನು ಮಾಡಿದಾಗ ಪ್ರಾರ್ಥನಾ ಮಂದಿರದ ಕಂಬಗಳೇ ಗುಂಯ್‌ಗುಡುತ್ತವೆ. ಧಾರವಾಡದಲ್ಲಿ ಸಂಗೀತ ಕಲಿಯುವ ಪ್ರತಿ ಹುಡುಗ, ಹುಡುಗಿ ಒಮ್ಮೆಯಾದರೂ ಕೂತು ಕೇಳಬೇಕಾದ ಪಾಠ ಇದು.

ಹೊರಜಗತ್ತಿಗೆ ಇದರ ಗುಟ್ಟು ತಿಳಿದದ್ದೂ ಭಾರತದ ನೆಲದಲ್ಲೇ. 1964ರಲ್ಲಿ ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಹಸ್ಟನ್ ಸ್ಮಿತ್ ಅವರು ಡಾಲ್‌ಹೌಸಿಯಲ್ಲಿ ಆಶ್ರಯ ಪಡೆದಿದ್ದ ಗ್ಯುತೊ ತಾಂತ್ರಿಕ ವಿದ್ಯಾಲಯದ ಭಿಕ್ಕುಗಳ ಹಾಡನ್ನು ಟೇಪಿನಲ್ಲಿ ಹಿಡಿದರು. ತಮ್ಮ ಸಂಸ್ಥೆಯ ಧ್ವನಿಶಾಸ್ತ್ರಜ್ಞ ಕೆನೆತ್ ಸ್ಟೀವನ್ಸ್ ಅವರಿಗೆ ಕೇಳಿಸಿದರು. 1967ರಲ್ಲಿ ಅವರು ಸೇರಿ ಬರೆದ ಲೇಖನ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬಂತು. ಎಂಬತ್ತರ ದಶಕದಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಡ್ರಮ್ ವಾದಕ ಮಿಕಿ ಹಾರ್ಟ್ ಗ್ಯುತೊ ಭಿಕ್ಕುಗಳನ್ನು ಅಮೆರಿಕದ ವೇದಿಕೆಗಳಿಗೆ ಕರೆತಂದರು. ಈ ಗಾಯನಕ್ಕೆ ಹೆಸರಾದ ಇನ್ನೊಂದು ವಿದ್ಯಾಲಯ ಗ್ಯುಮೆ, ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿದೆ. ಮುಂಡಗೋಡದ ಮಠಗಳಲ್ಲಿ ಅತ್ಯುನ್ನತ ಪದವಿಯಾದ ಗೆಶೆ ಪಡೆದವರು ತಂತ್ರಾಧ್ಯಯನಕ್ಕೆ ಹೋಗುವುದು ಈ ಎರಡು ಕಡೆಗೇ. ಹೀಗಾಗಿ ಮಠದಿಂದ ಮಠಕ್ಕೆ ಓಡಾಟ ಹಳೆಯದು.

ಕಲಿಕೆ ಎಂಟು-ಹತ್ತು ವಯಸ್ಸಿಗೇ ಶುರು. ಮೊದಲು ಬಾಯಿಪಾಠ. ಪುಟಗಟ್ಟಲೆ ಪ್ರಾರ್ಥನೆಗಳು ನಾಲಿಗೆಗೆ ಬರಬೇಕು. ಹಾಡಿನ ಮುಂದಾಳು ಉಮ್‌ಜೆ. ಅವನು ಎತ್ತಿಕೊಟ್ಟ ಶ್ರುತಿಗೆ ಉಳಿದವರು ಸೇರುತ್ತಾರೆ, ಅವನ ಗತಿಗೆ ಗತಿ ಕೂಡಿಸುತ್ತಾರೆ. ತಾಳವೂ ಅವನ ಕೈಯಲ್ಲೇ. ಸ್ವರಗಳ ಏರಿಳಿತವನ್ನು ಅಲೆಯಂಥ ಗೆರೆಗಳಲ್ಲಿ ಬರೆದಿಡುವ ಹೊತ್ತಗೆಗಳೂ ಉಂಟು, ಯಾಂಗ್-ಯಿಗ್ ಎನ್ನುತ್ತಾರೆ. ಆದರೆ ಅದು ನೆನಪಿಗೆ ಊರುಗೋಲು ಮಾತ್ರ, ಗುರುವಿನ ಬಾಯಿಂದ ಕೇಳದವನಿಗೆ ಆ ಗೆರೆ ಏನನ್ನೂ ಹೇಳದು.

ವಾದ್ಯಗಳು ಹಾಡಿನಷ್ಟೇ ಮುಖ್ಯ. ದುಂಗ್‌ಚೆನ್ ಎಂಬ ತಾಮ್ರ-ಹಿತ್ತಾಳೆಯ ಕಹಳೆ ಹತ್ತು ಅಡಿ ಉದ್ದ ಇರುತ್ತದೆ. ಅದನ್ನು ಯಾವಾಗಲೂ ಜೋಡಿಯಾಗಿ ಊದುತ್ತಾರೆ, ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬನ ದನಿ ನಿಲ್ಲಬಾರದೆಂದು. ಗ್ಯಾಲಿಂಗ್ ನಮ್ಮ ಶಹನಾಯಿಯ ಬಳಗದ್ದು. ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಂದ ಊದುವ ಕಲೆ ಬಂದವನಿಗೆ ಮಾತ್ರ ಅದು ಒಲಿಯುತ್ತದೆ. ಶಂಖ, ದೊಡ್ಡ ಕಂಚಿನ ತಾಳ, ಹಿಡಿಕೆಯ ಮೇಲೆ ನಿಲ್ಲಿಸಿ ಬಾಗಿದ ಕೋಲಿನಿಂದ ಬಡಿಯುವ ನಗಾರಿ, ಘಂಟೆ, ಡಮರು ಇವೂ ಬೇಕು. ವಿಮಾನದಲ್ಲಿ ಹತ್ತು ಅಡಿಯ ಕಹಳೆ ಹೇಗೆ ಒಯ್ಯುತ್ತಾರೆ ಎಂದು ಕೇಳಬಹುದು. ಅದು ಮೂರು ತುಂಡಾಗಿ ಒಂದರೊಳಗೊಂದು ಸೇರಿಕೊಳ್ಳುತ್ತದೆ. ಕುದುರೆ, ಯಾಕ್‌ಗಳ ಬೆನ್ನ ಮೇಲೆ ಕಣಿವೆ ದಾಟುತ್ತಿದ್ದ ಕಾಲದ ಜಾಣತನ ಇಂದು ವಿಮಾನದ ಲಗೇಜಿಗೂ ಒದಗಿದೆ.

ಕಹಳೆ ಮಡಚಬಹುದು, ಕಾಗದಪತ್ರದ ಕೆಲಸ ಅಷ್ಟು ಸುಲಭವಲ್ಲ. ಭಾರತದಲ್ಲಿರುವ ಹೆಚ್ಚಿನ ಟಿಬೆಟನ್ನರು ಕಾನೂನಿನ ಕಣ್ಣಿಗೆ ವಿದೇಶಿಯರು. ಇಲ್ಲಿ ವಾಸಿಸಲು ಆರ್‌ಸಿ ಎಂಬ ನೋಂದಣಿ ಪತ್ರ ಇರಬೇಕು. ಹೊರದೇಶಕ್ಕೆ ಹೊರಟರೆ ಅವರಿಗೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ಕಚೇರಿಯೇ ಕೊಡುವ ಐಡೆಂಟಿಟಿ ಸರ್ಟಿಫಿಕೇಟ್ ಎಂಬ ಹಳದಿ ಹೊದಿಕೆಯ ಪುಸ್ತಕ ಇದೆ. ಅದರ ಜೊತೆ ದೇಶ ಬಿಡಲು ಅನುಮತಿ, ಮರಳಿ ಬರಲು ಅಡ್ಡಿಯಿಲ್ಲ ಎಂಬ ಒಪ್ಪಿಗೆ, ಆಮೇಲೆ ಹೋಗುವ ದೇಶದ ವೀಸಾ. ಅಮೆರಿಕದಲ್ಲಿ ಒಂದು ಜನಾಂಗದ ವಿಶಿಷ್ಟ ಕಲೆಯನ್ನು ಪ್ರದರ್ಶಿಸಲು ಬರುವವರಿಗೆಂದೇ ಪಿ-3 ಎಂಬ ವೀಸಾ ವರ್ಗವಿದೆ. ಕರೆಸಿಕೊಳ್ಳುವ ಸಂಸ್ಥೆ ಅಲ್ಲಿಂದ ಅರ್ಜಿ ಹಾಕಬೇಕು, ಕಾರ್ಯಕ್ರಮಗಳ ಪಟ್ಟಿ ಕೊಡಬೇಕು. ಒಂಟಿ ಗಾಯಕನಿಗೆ ವೀಸಾ ತಡವಾದರೆ ಕಛೇರಿ ಮುಂದೆ ಹೋಗುತ್ತದೆ. ಮೇಳದ ಕಷ್ಟವೇ ಬೇರೆ. ಹತ್ತು ಜನರಲ್ಲಿ ಉಮ್‌ಜೆಯ ಕಾಗದವೊಂದು ನಿಂತರೆ ಉಳಿದ ಒಂಬತ್ತು ಜನರ ದನಿಗೆ ದಾರಿ ತೋರುವವನಿಲ್ಲ. ಕಹಳೆಯವರ ಜೋಡಿಯಲ್ಲಿ ಒಬ್ಬ ಹಿಂದುಳಿದರೆ ಇನ್ನೊಬ್ಬನಿಂದ ಆ ನಾದ ಹೊರಡದು.

ಈ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪೊಂದನ್ನು ನೆನೆಯಬೇಕು. ಲೋಸೆಲಿಂಗ್ ಮಠಕ್ಕೆ ಸೇರಿದ ಲಿಂಗ್ ರಿಂಪೋಚೆ ಅವರು ಹುಟ್ಟಿದ್ದು 1985ರಲ್ಲಿ, ಭಾರತದಲ್ಲೇ. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಈ ನೆಲದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಅವರ ಅರ್ಜಿಯಲ್ಲಿ 2013ರಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. 2016ರಲ್ಲಿ ದೆಹಲಿ ಹೈಕೋರ್ಟೂ ಅದೇ ಮಾತು ಹೇಳಿದ ಮೇಲೆ ಆ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರಿಗೆ ಭಾರತದ ಪಾಸ್‌ಪೋರ್ಟಿನ ದಾರಿ ತೆರೆಯಿತು. ಆಮೇಲೆ ಹುಟ್ಟಿದ ಹೆಚ್ಚಿನವರಿಗೆ, ಟಿಬೆಟ್ಟಿನಿಂದಲೇ ಬಂದವರಿಗೆ ಹಳದಿ ಪುಸ್ತಕವೇ ಗತಿ. ಮೇಳದಲ್ಲಿ ಹಾಡುವ ಹರೆಯದವರಲ್ಲಿ ಹೆಚ್ಚಿನವರು ಈ ಎರಡನೇ ಗುಂಪಿನವರೇ ಎಂಬುದನ್ನು ಅವರ ವಯಸ್ಸೇ ಹೇಳುತ್ತದೆ.

ಇಷ್ಟೆಲ್ಲ ದಾಟಿ ಹೋದವರ ದಿನಚರಿ ನಮ್ಮಲ್ಲಿ ಎಣಿಸಿದಷ್ಟು ಸುಖದ್ದಲ್ಲ. ಲೋಸೆಲಿಂಗ್ ಮಠದ ತಿರುಗಾಟಕ್ಕೆ ‘ಮಿಸ್ಟಿಕಲ್ ಆರ್ಟ್ಸ್ ಆಫ್ ಟಿಬೆಟ್’ ಎಂಬ ಹೆಸರಿದೆ, ಅದಕ್ಕೆ ಅಟ್ಲಾಂಟಾದಲ್ಲಿರುವ ಮಠದ ಶಾಖೆ ನೆಲೆ. ನಟ ರಿಚರ್ಡ್ ಗಿಯರ್ ಅದಕ್ಕೆ ಕೈಜೋಡಿಸಿದ್ದರು. ಗೋಮಾಂಗ್ ಮಠದವರಿಗೆ ಕೆಂಟಕಿ ರಾಜ್ಯದ ಲೂಯಿವಿಲ್, ಗಾಂದೆನ್ ಶಾರ್ತ್ಸೆಯವರಿಗೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. ಎಂಟು-ಹತ್ತು ಭಿಕ್ಕುಗಳು ವ್ಯಾನಿನಲ್ಲಿ ಊರಿಂದ ಊರಿಗೆ ಹೋಗುತ್ತಾರೆ. ದೊಡ್ಡ ಸಭಾಂಗಣ ಒಂದು ದಿನ ಸಿಕ್ಕರೆ ಉಳಿದ ದಿನಗಳಲ್ಲಿ ಸಣ್ಣ ಊರಿನ ಕಾಲೇಜು, ಚರ್ಚು, ಗ್ರಂಥಾಲಯ. ಒಂದೊಂದು ಊರಲ್ಲಿ ಹಲವು ದಿನ ನಿಲ್ಲುತ್ತಾರೆ. ಹಗಲು ಬಣ್ಣದ ಮರಳಿನಲ್ಲಿ ಮಂಡಲ ಬಿಡಿಸುತ್ತಾರೆ, ಶಾಲೆಯ ಮಕ್ಕಳಿಗೆ ತೋರಿಸುತ್ತಾರೆ. ಒಂದು ಸಂಜೆ ಗಾಯನ-ನರ್ತನ. ಕೊನೆಯ ದಿನ ಮಂಡಲ ಅಳಿಸಿ ಮರಳನ್ನು ಹೊಳೆಗೆ ಬಿಡುತ್ತಾರೆ. ಉಳಿದುಕೊಳ್ಳುವುದು ಹೆಚ್ಚಾಗಿ ಊರಿನವರ ಮನೆಗಳಲ್ಲೇ. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ತುಂಬುವ ತನಕ ಸಾಗುತ್ತದೆ. ಬಂದ ಹಣ ಮುಂಡಗೋಡದ ಮಠದ ಊಟ, ಪಾಠ, ಔಷಧಿಗೆ. ಭಿಕ್ಕುಗಳಿಗೆ ಸಂಭಾವನೆ ಎಂಬುದಿಲ್ಲ.

ಈ ತಿರುಗಾಟಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು 2002ರ ಜನವರಿಯದು. ನ್ಯೂಯಾರ್ಕ್, ವಾಷಿಂಗ್ಟನ್‌ಗಳ ಮೇಲೆ ಭಯೋತ್ಪಾದಕ ದಾಳಿಯಾಗಿ ನಾಲ್ಕು ತಿಂಗಳಾಗಿತ್ತು. ಲೋಸೆಲಿಂಗ್ ಮಠದ ಇಪ್ಪತ್ತು ಭಿಕ್ಕುಗಳು ವಾಷಿಂಗ್ಟನ್ನಿನ ಸ್ಯಾಕ್ಲರ್ ಗ್ಯಾಲರಿಯಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಕೂತು ಏಳು ಅಡಿ ಉದ್ದ, ಏಳು ಅಡಿ ಅಗಲದ ಮರಳ ಮಂಡಲ ಬಿಡಿಸಿದರು. ನಾಡು ಕಳೆದುಕೊಂಡವರ ಮಕ್ಕಳು, ನಮ್ಮ ಮುಂಡಗೋಡದ ಅನ್ನ ಉಂಡು ಬೆಳೆದವರು, ಜಗತ್ತಿನ ಬಲಾಢ್ಯ ದೇಶದ ರಾಜಧಾನಿಗೆ ಹೋಗಿ ಅಲ್ಲಿನ ಜನರ ದುಃಖ ಶಮನಕ್ಕೆ ಪ್ರಾರ್ಥಿಸಿದರು. ನಮ್ಮ ಜಿಲ್ಲೆಯಿಂದ ಹೊರಟ ಯಾವ ಕಲಾ ತಂಡ ಇದಕ್ಕಿಂತ ದೊಡ್ಡ ಕೆಲಸ ಮಾಡಿದೆ?

ಪೂಜೆಯನ್ನು ವೇದಿಕೆಗೆ ತರುವುದು ಸರಿಯೇ ಎಂದು ಕೇಳುವವರಿದ್ದಾರೆ. ಮಠದೊಳಗೆ ದಿನವಿಡೀ ನಡೆಯುವ ವಿಧಿಯನ್ನು ಎರಡು ಗಂಟೆಗೆ ಇಳಿಸಿ, ಬೆಳಕು ಬಿಟ್ಟು, ಟಿಕೆಟ್ ಇಟ್ಟು ತೋರಿಸಿದರೆ ಉಳಿಯುವುದೇನು? ಉತ್ತರ ಕನ್ನಡದವರಿಗೆ ಈ ಪ್ರಶ್ನೆ ಹೊಸದಲ್ಲ. ರಾತ್ರಿಯಿಡೀ ಆಡುವ ಯಕ್ಷಗಾನ ಕಾಲಮಿತಿಗೆ ಬಂದಾಗ ಇದೇ ಜಗಳ ನಡೆದಿತ್ತು. 1934ರಲ್ಲಿ ಹುಟ್ಟಿದ ಹೊನ್ನಾವರ ತಾಲ್ಲೂಕಿನ ಕೆರೆಮನೆಯ ಇಡಗುಂಜಿ ಮೇಳ ಹೊರದೇಶಗಳಿಗೆ ಹೋಗಿ ಆಡಿ ಬಂತು. ಕಾಲ ಕಡಿಮೆಯಾಯಿತು, ಪದ್ಯ ಕಡಿಮೆಯಾದವು, ಭಾಗವತಿಕೆಯ ಹದ ಕೆಡಲಿಲ್ಲ. ಯಾವುದು ಕತ್ತರಿಸಬಹುದು, ಯಾವುದಕ್ಕೆ ಕೈ ಹಚ್ಚಬಾರದು ಎಂಬ ವಿವೇಕ ಮೇಳಕ್ಕೇ ಇತ್ತು. ಮುಂಡಗೋಡದವರಲ್ಲೂ ಅದೇ ವಿವೇಕ ಕಾಣುತ್ತೇನೆ. ವೇದಿಕೆಗೆ ತರುವುದು ಬಹಿರಂಗವಾಗಿ ತೋರಬಹುದಾದ ಭಾಗಗಳನ್ನು: ಆರಂಭದ ಆವಾಹನೆಯ ಗಾಯನ, ಕರಿಟೊಪ್ಪಿಗೆಯ ನೃತ್ಯ, ಅಸ್ಥಿಪಂಜರದ ವೇಷದ ನೃತ್ಯ, ಇಬ್ಬರು ಸೇರಿ ಆಡುವ ಹಿಮಸಿಂಹ, ಚಪ್ಪಾಳೆ ತಟ್ಟಿ ಕಾಲು ಅಪ್ಪಳಿಸಿ ಮಾಡುವ ತರ್ಕ. ದೀಕ್ಷೆ ಪಡೆದವರಿಗಷ್ಟೇ ಮೀಸಲಾದ ವಿಧಿಗಳು ಮಠದೊಳಗೇ ಇವೆ. ತಮ್ಮದೇ ಕಾರ್ಯಕ್ರಮದಲ್ಲಿ ಗಾಯನದ ಕ್ರಮ ಬದಲಿಸಿಲ್ಲ, ರಾಗಬದ್ಧ ಹಿನ್ನೆಲೆ ಸೇರಿಸಿಲ್ಲ. ವೇದಿಕೆಯ ಮೇಲೂ ಅದು ಪ್ರಾರ್ಥನೆಯೇ. ಹಾಗಾಗಿ ಕಲೆ ಮಾರಾಟಕ್ಕೆ ಹೋಯಿತು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ.

ತಿರುಗಾಟ ಒಮ್ಮುಖವಾಗಿಯೂ ಉಳಿಯಲಿಲ್ಲ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯ 1998ರಲ್ಲಿ ಲೋಸೆಲಿಂಗ್ ಶಾಖೆಯೊಂದಿಗೆ ಶೈಕ್ಷಣಿಕ ಸಂಬಂಧ ಬೆಸೆಯಿತು. ಅಲ್ಲಿಂದ ಬೆಳೆದ ಯೋಜನೆಯಲ್ಲಿ ಭಿಕ್ಕುಗಳು ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಕಲಿಯತೊಡಗಿದರು. 2017ರ ಡಿಸೆಂಬರಿನಲ್ಲಿ ಮುಂಡಗೋಡದಲ್ಲೇ ಧ್ಯಾನ ಮತ್ತು ವಿಜ್ಞಾನ ಕೇಂದ್ರವನ್ನು ದಲೈಲಾಮಾ ಉದ್ಘಾಟಿಸಿದರು. ಹಾಡಲು ಹೋದವರ ಹಿಂದೆ ಒಂದು ವಿಶ್ವವಿದ್ಯಾಲಯವೇ ಮುಂಡಗೋಡಕ್ಕೆ ಬಂತು.

ಇದನ್ನೆಲ್ಲ ಬರೆಯುವಾಗ ಹಳಿಯಾಳ, ಜೊಯಿಡಾ, ದಾಂಡೇಲಿ ಕಡೆಯ ಹಾಡು-ಕುಣಿತದವರು ಕಣ್ಮುಂದೆ ಬರುತ್ತಾರೆ. ಸಿದ್ದಿಯರ ಡಮಾಮಿ, ಕುಣಬಿ ಹೆಂಗಸರ ಫುಗಡಿ, ಗೌಳಿಗರ ದಸರೆಯ ಕುಣಿತ, ಹಳಿಯಾಳ ಭಾಗದ ಕ್ರೈಸ್ತ ಸಿದ್ದಿಯರ ಇಗರ್ಜಿಯ ಕೊಂಕಣಿ ಹಾಡು. ಇವೂ ಗುಂಪಿನ ಗಾಯನಗಳೇ, ಜಗತ್ತು ಕೂತು ಕೇಳಬೇಕಾದವೇ. ಆಫ್ರಿಕಾದಿಂದ ಬಂದ ಪೂರ್ವಜರ ಲಯ ಡಮಾಮಿಯಲ್ಲಿ ಇನ್ನೂ ಬಡಿದುಕೊಳ್ಳುತ್ತಿದೆ. ಗುಜರಾತಿನ ಸಿದ್ದಿಯರ ಗೋಮಾ ತಂಡ ಎರಡು ದಶಕದ ಹಿಂದೆಯೇ ಅಮೆರಿಕ, ಇಂಗ್ಲೆಂಡ್ ಸುತ್ತಿ ಬಂತು. ನಮ್ಮ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಕೌದಿಗೆ ಸಿಕ್ಕ ದಾರಿ ಡಮಾಮಿಗೂ ಸಿಗಬೇಕು. ಈಗ ದಾಂಡೇಲಿ, ಜೊಯಿಡಾ ಸುತ್ತಿನ ರೆಸಾರ್ಟುಗಳಲ್ಲಿ ರಾತ್ರಿ ಬೆಂಕಿಯ ಸುತ್ತ ಪ್ರವಾಸಿಗರ ಮುಂದೆ ಕುಣಿಯುವುದು ಕೆಲವರಿಗೆ ಸಂಪಾದನೆಯ ದಾರಿಯಾಗಿದೆ. ಕೂಲಿ ಸಿಗುತ್ತದೆ, ನಿಜ. ಆದರೆ ಊಟದ ನಡುವೆ ಅರ್ಧ ಗಂಟೆ ಕುಣಿಸಿದರೆ ಮೇಳ ಬೆಳೆಯುವುದಿಲ್ಲ.

ಮುಂಡಗೋಡದ ಮಠಗಳಿಗೂ ಈ ತಂಡಗಳಿಗೂ ಇರುವ ವ್ಯತ್ಯಾಸ ಪ್ರತಿಭೆಯದ್ದಲ್ಲ. ಮಠಗಳಿಗೆ ಕಟ್ಟುನಿಟ್ಟಿನ ಕಲಿಕೆ ಇದೆ, ಪತ್ರ ಬರೆಯುವವರಿದ್ದಾರೆ, ಲೆಕ್ಕ ಇಡುವವರಿದ್ದಾರೆ, ಆಚೆ ದಡದಲ್ಲಿ ಕರೆಸಿಕೊಳ್ಳುವ ಗೆಳೆಯರಿದ್ದಾರೆ. ಪೌರತ್ವವೇ ಇಲ್ಲದವರು ಇಷ್ಟು ಮಾಡಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ, ಭಾರತದ ಪಾಸ್‌ಪೋರ್ಟ್ ಪಡೆಯುವ ಹಕ್ಕುಳ್ಳ ಸಿದ್ದಿ ಹಾಡುಗಾರರಿಗೆ ನಾವು ಒಂದು ಸಂಗೀತ ಶಾಲೆಯನ್ನಾದರೂ ಕಟ್ಟಿಕೊಡಬೇಕಿತ್ತು. ಧಾರವಾಡದ ವಿಶ್ವವಿದ್ಯಾಲಯಗಳು, ಜಾನಪದ ಅಕಾಡೆಮಿ, ಜಿಲ್ಲಾಡಳಿತ ಸೇರಿ ಈ ಕೆಲಸ ಎತ್ತಿಕೊಳ್ಳಲಿ. ಒಂದು ಮೇಳಕ್ಕೆ ತರಬೇತಿ, ಒಳ್ಳೆಯ ಧ್ವನಿಮುದ್ರಣ, ಕಾಗದಪತ್ರ ನೋಡಿಕೊಳ್ಳುವ ಒಬ್ಬ ನಂಬಿಕಸ್ಥ, ಇಷ್ಟು ಸಿಕ್ಕರೆ ಉಳಿದದ್ದನ್ನು ಅವರೇ ಗೆಲ್ಲುತ್ತಾರೆ.

ಬನವಾಸಿಯ ಕದಂಬೋತ್ಸವ, ಕಾರವಾರದ ಕರಾವಳಿ ಉತ್ಸವ ಸಂಘಟಿಸುವವರಲ್ಲೂ ಒಂದು ಕೋರಿಕೆ. ಟಿಬೆಟನ್ ತಂಡವನ್ನು ಮೆರವಣಿಗೆಯ ಬಣ್ಣಕ್ಕೆ ಕರೆಯಬೇಡಿ. ಒಂದು ಇಡೀ ಸಂಜೆ ಕೊಡಿ, ಸದ್ದಿಲ್ಲದ ಸಭಾಂಗಣ ಕೊಡಿ, ಹಾಡಿನ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಅದೇ ವೇದಿಕೆಯಲ್ಲಿ ಇನ್ನೊಂದು ಸಂಜೆ ಡಮಾಮಿಗೆ ಮೀಸಲಿಡಿ.

ಓದುಗರು ಉತ್ಸವಕ್ಕಾಗಿ ಕಾಯಬೇಕಿಲ್ಲ. ಟಿಬೆಟನ್ನರ ಹೊಸವರ್ಷ ಲೋಸರ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಆಗ ಮಠದ ಪೂಜೆಯಲ್ಲೇ ಕೂತು ಈ ಗಾಯನ ಕೇಳಬಹುದು. ಹೊರದೇಶದವರು ಕಾಲೊನಿಯಲ್ಲಿ ತಂಗಲು ಕೇಂದ್ರ ಸರ್ಕಾರದ ವಿಶೇಷ ಪರವಾನಗಿ ತರಬೇಕು, ನಮಗೆ ಅಂಥ ಯಾವ ಪರವಾನಗಿಯೂ ಬೇಡ. ಮಠದ ಕಚೇರಿಯಲ್ಲಿ ಕೇಳಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಮೊಬೈಲ್ ಜೇಬಿನಲ್ಲಿಟ್ಟು, ಹಿಂದಿನ ಗೋಡೆಗೆ ಒರಗಿ ಕೂತುಕೊಳ್ಳಿ. ಮಕ್ಕಳನ್ನೂ ಕರೆದೊಯ್ಯಿರಿ. ಪೂಜೆ ನಸುಕಿನಲ್ಲೇ ಶುರುವಾಗುವುದರಿಂದ ಹಿಂದಿನ ದಿನವೇ ಮುಂಡಗೋಡ ಸೇರಿಕೊಳ್ಳುವುದು ಒಳ್ಳೆಯದು.